ಜೇಬಿಲ್ಲದ ಅಂಗಿ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಹೊಸ ಅಂಗಿ. ಅಂಗಿಯೇನೋ ಚೆನ್ನಾಗಿಯೇ ಇತ್ತು. ತಿಳಿನೀಲಿ ಬಣ್ಣ, ಗರಿಗರಿ ಕಾಲರು, ಮೈಗೆ ಅಳೆದು ಹೊಲಿದಂತೆ ಕೂರುತ್ತಿತ್ತು. ಇಲ್ಲದ್ದು ಒಂದೇ, ಜೇಬು.

"ಇದಕ್ಕೆ ಜೇಬೆಲ್ಲೇ?" ಎಂದು ಗುಡಾಣ ಕೇಳಿದ್ದೂ ನಿಜ.

"ಈಗ ಜೇಬಿಲ್ಲದ್ದೇ ಫ್ಯಾಷನ್ನು ಕಣ್ರೀ. ಜೇಬಿದ್ರೆ ನೀವು ಅದರ ತುಂಬ ಏನೇನೋ ತುರುಕ್ತೀರಿ. ಇವತ್ತು ಪರೀಕ್ಷೆ ಬೇರೆ. ಆ ಹಳೇ ಡೇರೆ ಹಾಕ್ಕೊಂಡು ಹೋದ್ರೆ ಒಳಗಡೆ ನೀವೆಲ್ಲಿದ್ದೀರಿ ಅಂತ ಹುಡುಕೋಕೇ ಒಬ್ರು ಬೇಕು," ಎಂದಳು ಹೆಂಡತಿ.

ಗುಡಾಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸರಕು ಯಾರ್ಡಿನವರು ಅವನ ಹೊಟ್ಟೆ ನೋಡಿ ಇಟ್ಟದ್ದು. ಈಗ ಹೊಟ್ಟೆ ಹೋಗಿತ್ತು, ಹೆಸರು ಮಾತ್ರ ಹೋಗಲು ಒಪ್ಪಿರಲಿಲ್ಲ. ಅವನು ಆ ಯಾರ್ಡಿನ ದೊಡ್ಡ ಕ್ರೇನಿನ ಆಪರೇಟರಾಗಿದ್ದ. ಮೇಲೆ ಗಾಜಿನ ಗೂಡಿನಲ್ಲಿ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಯನ್ನು ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಲಾರಿಯ ಮೇಲೆ ಇಳಿಸುತ್ತಿದ್ದವನು. ಒಂದು ದಿನ ಏಣಿ ಹತ್ತುವಾಗ, ಬೀಳದಿರಲೆಂದು ಸುತ್ತ ಹಾಕಿದ್ದ ಕಬ್ಬಿಣದ ಬಳೆಗಳಲ್ಲಿ ಅವನ ಹೊಟ್ಟೆ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಕೊನೆಗೆ ಗ್ರೀಸ್ ಬಳಿದು ಎಳೆದರು. ಅಂದಿನಿಂದ ಅವನನ್ನು ಹಗ್ಗ, ಕೊಕ್ಕೆ ಇಡುವ ಕತ್ತಲೆ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಆಕಾಶದಲ್ಲಿ ಕೂರುತ್ತಿದ್ದವನಿಗೆ ಆ ಸ್ಟೂಲು ನರಕವಾಯಿತು. ಮತ್ತೆ ಮೇಲೆ ಹತ್ತಲೇಬೇಕೆಂದು ಅವನು ಆಪರೇಷನ್ ಮಾಡಿಸಿಕೊಂಡ.

ಡಾಕ್ಟರು ಹೊಟ್ಟೆಯನ್ನು ಮೊಟ್ಟೆಯಷ್ಟು ಮಾಡಿ, ಕರುಳಿಗೊಂದು ಅಡ್ಡದಾರಿ ಹಾಕಿ ಕಳಿಸಿದರು. ಮೈ ಇಳಿಯಿತು. ಆದರೆ ಅದರ ಜೊತೆಗೇ ಇನ್ನೊಂದೂ ಇಳಿಯತೊಡಗಿತು, ರಕ್ತದೊಳಗಿನ ಸಕ್ಕರೆ. ಸಿಹಿ ಏನು ತಿಂದರೂ ಅದು ಆ ಅಡ್ಡದಾರಿ ಹಿಡಿದು ಓಡಿಹೋಗಿ ರಕ್ತಕ್ಕೆ ನುಗ್ಗುತ್ತಿತ್ತು. ಮೈ ಗಾಬರಿಬಿದ್ದು ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತಿತ್ತು. ಗಂಟೆ ಒಂದೆರಡು ಕಳೆಯುವುದರೊಳಗೆ ಸಕ್ಕರೆ ಪಾತಾಳಕ್ಕೆ. ಆಗ ಕೈ ನಡುಗುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು, ನಾಲಿಗೆ ತೊದಲುತ್ತಿತ್ತು.

"ಸಿಹಿ ಮುಟ್ಟಬೇಡಿ. ಮೂರು ಗಂಟೆಗೊಮ್ಮೆ ಮೊಟ್ಟೆಯೋ ಕಡಲೆಬೀಜವೋ ಸ್ವಲ್ಪ ಸ್ವಲ್ಪ ತಿನ್ನಿ. ಸಕ್ಕರೆ ಇಳಿದಾಗ ಮಾತ್ರ ಗ್ಲೂಕೋಸ್ ಮಾತ್ರೆ ಚೀಪಿ, ಹಿಂದೆಯೇ ನಾಲ್ಕು ಕಡಲೆಬೀಜ," ಎಂದು ಆಸ್ಪತ್ರೆಯ ಆಹಾರದ ಡಾಕ್ಟರಮ್ಮ ಹೇಳಿದ್ದರು. ಗುಡಾಣ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಮಾತ್ರೆಯ ಕೊಳವೆ, ಕಡಲೆಬೀಜದ ಪೊಟ್ಟಣ ಎರಡೂ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದವು. ಯಾರ್ಡಿನಲ್ಲಿ ಮಾತ್ರ ಈ ವಿಷಯ ಯಾರಿಗೂ ಹೇಳಿರಲಿಲ್ಲ. ಹಿಂದೆ ಬೆಸುಗೆಯವನೊಬ್ಬ ಎರಡು ಸಲ ತಲೆಸುತ್ತಿ ಬಿದ್ದನೆಂದು ಅವನನ್ನು ಎತ್ತರದ ಕೆಲಸದಿಂದ ಕಾಯಂ ಇಳಿಸಿಬಿಟ್ಟಿದ್ದರು. ಆ ಮನುಷ್ಯ ಈಗಲೂ ಗೇಟಿನಲ್ಲಿ ನಿಂತು ಲಾರಿಗಳಿಗೆ ಕೈ ಬೀಸುತ್ತಾನೆ. ಅವನನ್ನು ನೋಡಿದಾಗಲೆಲ್ಲ ಗುಡಾಣ ಮುಖ ತಿರುಗಿಸಿ ಬೇಗ ಬೇಗ ಒಳಗೆ ಹೋಗುತ್ತಿದ್ದ.

ಹೊಸ ಅಂಗಿ ತೊಟ್ಟು, ಗಡಿಬಿಡಿಯಲ್ಲಿ ಬೆಳಗಿನ ಮೊಟ್ಟೆಯನ್ನೂ ತಿನ್ನದೆ, ಮತ್ತೆ ಕ್ರೇನು ಹತ್ತಬಲ್ಲೆನೆಂದು ತೋರಿಸುವ ಆ ಪರೀಕ್ಷೆಗೆ ಗುಡಾಣ ಹೊರಟ. ಪ್ಯಾಂಟಿಗೆ ಜೇಬಿರಲಿಲ್ಲವೇ ಎಂದು ನೀವು ಕೇಳಬಹುದು. ಎರಡಿದ್ದವು. ಆದರೆ ಅಭ್ಯಾಸ ಅಂಗಿಯ ಜೇಬಿನದು, ನೆನಪೂ ಅಲ್ಲೇ ಉಳಿದುಹೋಯಿತು.

ಯಾರ್ಡಿನ ಗೇಟು ದಾಟಿದರೆ ಮೊದಲು ಸಿಗುವುದು ಲಾರಿ ತೂಗುವ ಕಟ್ಟೆ. ಅಲ್ಲಿನ ತೂಕದವನು ಗುಡಾಣನ ಹಳೆಯ ಗೆಳೆಯ.

"ಬಾರೋ ಬಾ! ಕಟ್ಟೆ ಮೇಲೆ ನಿಂತ್ಕೋ. ಮುಂಚೆ ನೀನು ಆ ಕಡೆ ಹಾದುಹೋದ್ರೆ ಲಾರಿ ಲೆಕ್ಕನೇ ತಪ್ತಿತ್ತು. ಈಗ ನಿಂತು ಕುಣಿದ್ರೂ ಸೊನ್ನೆ!" ಎಂದು ಅವನು ಕಿಟಕಿಯಿಂದ ಕೂಗಿದ. ಆಮೇಲೆ ಮುಖ ನೋಡಿ ಕುರ್ಚಿಯಿಂದೆದ್ದ. "ಏನೋ ಇದು, ಕೈ ಹೀಗೆ ನಡುಗ್ತಿದೆ?"

ಗುಡಾಣನ ಕೈ ಎದೆಗೆ ಹೋಯಿತು. ಅಲ್ಲಿ ಬರಿಯ ಬಟ್ಟೆ. ಬಲಕ್ಕೆ ತಡವಿದ, ಎಡಕ್ಕೆ ತಡವಿದ.

"ಏನಿಲ್ಲ ಕಣೋ, ಒಂಚೂರು ಭಯ. ನಿನ್ ಹತ್ರ ಕಡಲೆಬೀಜ ಇದ್ಯಾ?"

"ಪರೀಕ್ಷೆ ದಿನ ಕಡಲೆಬೀಜ ಕೇಳ್ತಾನೆ ನೋಡು! ಕೂತ್ಕೋ," ಎಂದ ತೂಕದವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಸಕ್ಕರೆಯನ್ನು ಅವನು ತೂಗುತ್ತಿರಲಿಲ್ಲ, ಸುರಿಯುತ್ತಿದ್ದ. ಗುಡಾಣನಿಗೆ ಬೇಡವೆನ್ನುವ ಮನಸ್ಸಿತ್ತು, ಶಕ್ತಿಯಿರಲಿಲ್ಲ. ಆ ಪಾಕವನ್ನು ಗಟಗಟ ಕುಡಿದ. ಸ್ವಲ್ಪ ಹೊತ್ತಿನಲ್ಲಿ ಕೈ ನಿಂತಿತು, ಲೋಕ ಸುಂದರವಾಯಿತು.

"ನೋಡಿದ್ಯಾ? ಭಯಕ್ಕೆ ಸಕ್ಕರೆನೇ ಮದ್ದು," ಎಂದ ತೂಕದವನು ಹೆಮ್ಮೆಯಿಂದ.

ಪರೀಕ್ಷೆ ಆಗಲೇ ನಡೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪರೀಕ್ಷೆ ಮಾಡಬೇಕಾದ ಸುರಕ್ಷತಾ ಅಧಿಕಾರಿಗಳು ಯಾವುದೋ ಲಾರಿಯ ಮುರಿದ ಸರಪಳಿಯ ಹಿಂದೆ ಬಿದ್ದಿದ್ದರು. ಯಾರ್ಡಿನವರೆಲ್ಲ ಅವರಿಗೆ ಮೆಲುಕು ಸಾಹೇಬರು ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವರ ದವಡೆ ಆಡುತ್ತಲೇ ಇರುತ್ತಿತ್ತು. ಏನು ಮೆಲ್ಲುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಲ್ಲಿನ ತೊಂದರೆ ಎಂದು ಕೆಲವರು, ಸಿಟ್ಟು ಎಂದು ಉಳಿದವರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಗುಡಾಣನಿಗೆ ಕಾಯಲು ಹೇಳಿ," ಎಂದು ಹೇಳಿಕಳಿಸಿದರು.

ಗುಡಾಣ ಕಾದ. ಚಹಾ ಕಾಯಲಿಲ್ಲ. ಹನ್ನೊಂದರ ಹೊತ್ತಿಗೆ ಮತ್ತೆ ಬೆವರು. ಮನೆಗೆ ಫೋನು ಮಾಡಿದ.

"ಏ, ನನ್ನ ಹಳೇ ಅಂಗಿ ಜೇಬಲ್ಲಿ ಮಾತ್ರೆ ಇದೆ ಕಣೇ. ಯಾರ ಕೈಲಾದ್ರೂ ಬೇಗ ಕಳಿಸು."

ಆ ಕಡೆ ಬಕೆಟ್ಟು ಎಳೆದ ಸದ್ದು. "ಅಯ್ಯೋ, ಅದನ್ನ ಆಗಲೇ ನೆನೆಹಾಕ್ಬಿಟ್ಟೆನಲ್ರೀ! ಬಕೆಟಲ್ಲಿ ಕಡಲೆಬೀಜ ತೇಲ್ತಿದೆ. ಮಾತ್ರೆ ಎಲ್ಲೂ ಕಾಣ್ತಿಲ್ಲ, ಕೊಳವೆ ಬಾಯಿ ಬಿಟ್ಕೊಂಡು ಬಿದ್ದಿದೆ."

ಅವನು ಫೋನಿಟ್ಟು ಗೋಡೆ ಹಿಡಿದುಕೊಂಡು ಕ್ಯಾಂಟೀನಿಗೆ ಹೋದ. ಊಟದ ಬಿಡುವಿಗೆ ಮೊದಲು ಗೇಟು ದಾಟುವಂತಿರಲಿಲ್ಲ, ಅಂಗಡಿಯಿದ್ದದ್ದು ಗೇಟಿನಾಚೆ.

"ಅಕ್ಕಾ, ಒಂದು ಬೇಯಿಸಿದ ಮೊಟ್ಟೆ ಕೊಡಿ."

ಕ್ಯಾಂಟೀನಿನ ಅಕ್ಕ ಅವನನ್ನು ಗುಡಾಣನಾಗಿದ್ದ ಕಾಲದಿಂದ ಉಣಿಸಿದವಳು. ಅವನು ತೆಳ್ಳಗಾದದ್ದು ತನ್ನ ಅಡುಗೆಗೆ ಆದ ಅವಮಾನವೆಂದೇ ತಿಳಿದಿದ್ದಳು. "ಮೊಟ್ಟೆನೆಲ್ಲ ಬೆಳಗಿನ ಪಾಳಿಯವ್ರು ಮುಗಿಸಿದ್ರಪ್ಪ. ಮುಖ ನೋಡು, ಹಿಂಡಿದ ಬಟ್ಟೆ ಆಗಿದ್ಯಲ್ಲೋ! ಯಾವ ಪಾಪಿ ಡಾಕ್ಟರು ನಿನ್ನ ಹೀಗೆ ಮಾಡಿದ್ದು? ಬಾ," ಎಂದು ಕೈ ಹಿಡಿದು ಕೂರಿಸಿ, ಒಂದು ದೊಡ್ಡ ಲೋಟ ಹಣ್ಣಿನ ರಸ, ಅದರ ಜೊತೆ ಕೆನೆ ಬಳಿದ ಕೇಕು ಮುಂದಿಟ್ಟಳು.

"ಬೇಡ ಅಕ್ಕ, ನಂಗೆ ಸಿಹಿ..."

"ಬಾಯ್ಮುಚ್ಚು. ಬಾಯ್ತೆಗಿ," ಎಂದು ಎರಡನ್ನೂ ಒಟ್ಟಿಗೇ ಗದರಿ ಅವಳೇ ತಿನ್ನಿಸಿದಳು.

ಮತ್ತೆ ಕೈ ನಿಂತಿತು. ಮೊಟ್ಟೆಯಷ್ಟು ಹೊಟ್ಟೆಯಲ್ಲಿ ಕೇಕು ಕೂತುಬಿಟ್ಟಿದ್ದರಿಂದ ಮಧ್ಯಾಹ್ನದ ಊಟಕ್ಕೆ ಜಾಗವಿರಲಿಲ್ಲ. ಬಿಡುವಿನಲ್ಲಿ ಅಂಗಡಿಗೆ ಓಡೋಣವೆಂದರೆ, ಸಾಹೇಬರು ಯಾವ ಗಳಿಗೆಯಲ್ಲಾದರೂ ಕರೆಯಬಹುದೆಂದು ತೂಕದವನು ತೋಳು ಬಿಡಲಿಲ್ಲ. ಅವರು ಕರೆಯಲೂ ಇಲ್ಲ. ಅವನು ಸರಿಯಿದ್ದಾಗ ಸಾಹೇಬರಿಲ್ಲ. ಸಾಹೇಬರು ಬರುವ ಹೊತ್ತಿಗೆ ಅವನು ಸರಿಯಿರುವುದಿಲ್ಲ ಎಂದು ಗುಡಾಣನಿಗೆ ಆಗಲೇ ತಿಳಿದುಹೋಗಿತ್ತು. ನೇಣಿಗೆ ಹೋಗುವವನ ಹಾಗೆ ಅವನು ಬಿಸಿಲಲ್ಲಿ ಕೂತು ಕ್ರೇನಿನ ಗೂಡನ್ನೇ ನೋಡಿದ. ಅಳು ಬಂತು. ಅದನ್ನೂ ಹೊಸ ಅಂಗಿಯ ತೋಳಿನಲ್ಲೇ ಒರೆಸಿಕೊಂಡ.

ಎರಡು ಗಂಟೆಗೆ ಕರೆ ಬಂತು. ಏಣಿಯ ಬುಡದಲ್ಲಿ ಮೆಲುಕು ಸಾಹೇಬರು ದವಡೆ ಆಡಿಸುತ್ತ ನಿಂತಿದ್ದರು. ತೂಕದವನು, ಕ್ಯಾಂಟೀನಿನ ಅಕ್ಕ, ಬಿಡುವಿದ್ದವರು, ಇಲ್ಲದವರು ಎಲ್ಲರೂ ಸುತ್ತ ನೆರೆದಿದ್ದರು. ಕೆಲಸ ಸುಲಭ. ಮೇಲೆ ಹತ್ತಿ, ಒಂದು ಪೆಟ್ಟಿಗೆ ಎತ್ತಿ, ನೆಲದ ಮೇಲೆ ಬರೆದ ಚೌಕದೊಳಗೆ ಇಳಿಸಬೇಕು. ನಿದ್ದೆಗಣ್ಣಲ್ಲೂ ಗುಡಾಣ ಅದನ್ನು ಮಾಡಬಲ್ಲ. ಆದರೆ ಏಣಿಯ ಮೊದಲ ಮೆಟ್ಟಿಲು ಅವನ ಕಣ್ಣಿಗೆ ಎರಡಾಗಿ ಕಾಣುತ್ತಿತ್ತು. ಎರಡರಲ್ಲಿ ಸುಳ್ಳಾಗಿದ್ದುದರ ಮೇಲೆ ಅವನು ಕಾಲಿಟ್ಟ.

ಬಿದ್ದವನನ್ನು ನಾಲ್ಕು ಜನ ಎತ್ತಿದರು. "ಏನಾಯ್ತು?" ಎಂದರು ಸಾಹೇಬರು.

"ಏನಿಲ್ಲ ಶಾರ್," ಎಂದ ಗುಡಾಣ. ನಾಲಿಗೆ ಹೊರಳಲಿಲ್ಲ. ಕಾರಣವಿಲ್ಲದೆ ನಗುವೂ ಬಂತು.

ಸಾಹೇಬರ ದವಡೆ ನಿಂತಿತು. ಯಾರ್ಡಿನ ಇತಿಹಾಸದಲ್ಲೇ ಅದು ಮೊದಲು. ಹತ್ತಿರ ಬಂದು ಅವನ ಬೆವರು ನೋಡಿದರು, ಕೈ ನೋಡಿದರು, ಕಣ್ಣು ನೋಡಿದರು. "ಕುಡಿದಿದ್ದೀಯಾ?"

"ಅಯ್ಯಯ್ಯೋ, ಇಲ್ಲ ಸಾರ್!" ತೂಕದವನು ಮುಂದೆ ನುಗ್ಗಿದ. "ಬೆಳಗ್ಗೆಯಿಂದ ನನ್ನ ಕಣ್ಣೆದುರಿಗೇ ಇದ್ದಾನೆ. ಬೆಳಗ್ಗೆನೂ ಹೀಗೇ ನಡುಗ್ತಿದ್ದ."

"ಹನ್ನೊಂದು ಗಂಟೆಗೂ ನಡುಗ್ತಿದ್ದ," ಎಂದಳು ಅಕ್ಕ, ತಾನೇನು ಕಡಿಮೆ ಎಂಬಂತೆ. "ಆ ಆಪರೇಷನ್ ಆದಾಗಿಂದ ಏನೋ ಕಾಯಿಲೆ ಹತ್ಕೊಂಡಿದೆ ಸಾರ್ ಪಾಪ."

"ಕಾಯಿಲೆನಾ?" ಸಾಹೇಬರು ಗೇಟಿನ ಕಡೆ ತಿರುಗಿ ನೋಡಿದರು. ಅಲ್ಲಿ ಬೆಸುಗೆಯವನು ಒಂದು ಲಾರಿಗೆ ಕೈ ಬೀಸುತ್ತಿದ್ದ.

ಗುಡಾಣನ ಮಂಜು ಕವಿದ ತಲೆಯಲ್ಲಿ ಒಂದೇ ಒಂದು ಯೋಚನೆ ಮಿಂಚಿತು. ಕಾಯಿಲೆಯವನು ಮತ್ತೆ ಮೇಲೆ ಹತ್ತಿದ್ದಿಲ್ಲ. ಕುಡಿದವನು ಹತ್ತಿದ್ದುಂಟು. ಹೋದ ತಿಂಗಳು ಸರಪಳಿ ಕಟ್ಟುವವನೊಬ್ಬ ಕುಡಿದು ಸಿಕ್ಕಿಬಿದ್ದಿದ್ದ. ಒಂದು ವಾರ ಮನೆಯಲ್ಲಿ ಕೂರಿಸಿದರು, ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಒಂದು ವಾರ ತಾನೆ!

"ಕಾಯಿಲೆ ಇಲ್ಲ ಶಾರ್, ಕುಡಿದಿದ್ದೀನಿ. ಬೆಳಗ್ಗೆಯಿಂದ ಕುಡಿದಿದ್ದೀನಿ," ಎಂದ ಗುಡಾಣ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ.

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತೂಕದವನ ಮುಖ ಸಪ್ಪಗಾಯಿತು. "ಒಬ್ಬನೇ ಕುಡಿದ್ಯೇನೋ?" ಎಂದ, ನೊಂದು.

ಸಾಹೇಬರು ಗುಡಾಣನ ಹೆಗಲ ಮೇಲೆ ಕೈಹಾಕಿ ತಮ್ಮ ಕೋಣೆಗೆ ನಡೆಸಿಕೊಂಡು ಹೋದರು. ಬಾಗಿಲು ಹಾಕಿದರು. ಕುರ್ಚಿ ಎಳೆದು ಕೂರಿಸಿದರು. ನೋಡಿದರೆ ಅವರ ಕಣ್ಣು ಒದ್ದೆಯಾಗಿತ್ತು.

"ಎಷ್ಟು ವರ್ಷದಿಂದ ಈ ಕುರ್ಚಿಲಿ ಕೂತಿದ್ದೀನಿ. ಒಬ್ಬನೂ ತಾನಾಗಿ ಒಪ್ಪಿಕೊಂಡಿಲ್ಲ. ನೀನೇ ಮೊದಲನೆಯವನು," ಎಂದರು.

"ಒಂದು ವಾರ ಮನೇಲಿರ್ತೀನಿ ಶಾರ್," ಎಂದ ಗುಡಾಣ ಆಸೆಯಿಂದ.

"ಛೆ ಛೆ! ಅದು ಆ ಸರಪಳಿಯವನಂಥವರಿಗೆ. ಬಾಟಲಿ ಕೈಲಿದ್ರೂ ಕುಡಿದಿಲ್ಲ ಅಂದ. ಅಂಥವನನ್ನ ತಿದ್ದೋಕಾಗಲ್ಲ, ಒಂದು ವಾರ ಮನೆಗೆ ಕಳಿಸಿದೆ. ಒಪ್ಪಿಕೊಂಡವನನ್ನ ನಾನು ಕೈಬಿಡಲ್ಲ." ಅವರು ದನಿ ತಗ್ಗಿಸಿದರು. "ನಾನೂ ಒಂದು ಕಾಲಕ್ಕೆ ನಿನ್ನ ಹಾಗೇ ಇದ್ದೆ ಕಣಯ್ಯಾ. ಬೆಳಗಾಗೆದ್ರೆ ಇದೇ ನಡುಕ, ಇದೇ ಬೆವರು. ಹೇಗೆ ಬಿಟ್ಟೆ ಗೊತ್ತಾ?"

ಮೇಜಿನ ಖಾನೆ ಎಳೆದರು. ಒಳಗೆ ಬಣ್ಣಬಣ್ಣದ ಕಾಗದ ಸುತ್ತಿದ ಟಾಫಿಗಳು ಅಂಚಿನವರೆಗೆ ತುಂಬಿದ್ದವು. ಗುಡಾಣ ಕುರ್ಚಿಯಲ್ಲೇ ಹಿಂದಕ್ಕೆ ಸರಿದ.

"ಕುಡೀಬೇಕು ಅನ್ನಿಸಿದಾಗಲೆಲ್ಲ ಒಂದು ಟಾಫಿ. ಕೈ ನಡುಗಿದಾಗಲೆಲ್ಲ ಒಂದು ಟಾಫಿ. ಇವತ್ತಿಂದ ನೀನು ಆ ಕತ್ತಲೆ ಕೋಣೆಗೆ ಹೋಗೋದು ಬೇಡ. ಇಲ್ಲೇ ನನ್ನೆದುರು ಕೂರ್ತೀಯಾ. ಮೂರು ತಿಂಗಳು ಒಂದೇ ಒಂದು ಸಲವೂ ನಿನ್ನ ಕೈ ನಡುಗಬಾರದು. ಆಮೇಲೆ ನಾನೇ ನಿನ್ನನ್ನ ಏಣಿ ಹತ್ತಿಸ್ತೀನಿ."

"ಶಾರ್, ನಿಜ ಹೇಳ್ಬೇಕು ಅಂದ್ರೆ ನಾನು ಕುಡಿದೇ ಇಲ್ಲ..."

ಸಾಹೇಬರು ಕನಿಕರದಿಂದ ನಕ್ಕರು. "ಒಪ್ಪಿಕೊಂಡ ಮೇಲೆ ಹಿಂದೆ ಸರಿಯೋದೂ ಇದರ ಒಂದು ಘಟ್ಟವೇ. ನಾನೂ ಸರಿದಿದ್ದೆ. ಬಾಯಿ ತೆಗಿ."

ಟಾಫಿ ಬಾಯೊಳಗೆ ಹೋಯಿತು. ಅದು ಆಗ ಬೇಕಾಗಿದ್ದದ್ದೂ ಹೌದು, ಅದೇ ಕೇಡು. ಸ್ವಲ್ಪ ಹೊತ್ತಿನಲ್ಲಿ ಬೆವರು ಆರಿತು, ನಾಲಿಗೆ ತಿರುಗಿತು, ಮೇಜಿನ ಮೇಲಿಟ್ಟಿದ್ದ ಕೈ ಕಲ್ಲಿನಂತೆ ನಿಂತಿತು. ಕಣ್ಣೆದುರೇ ಇಷ್ಟು ಬೇಗ ಗುಣವಾದ ಕುಡುಕನನ್ನು ಸಾಹೇಬರು ಕಂಡಿರಲಿಲ್ಲ. ಮೆಚ್ಚಿ ಬೆನ್ನು ತಟ್ಟಿದರು. "ಗಟ್ಟಿಯಾಗಲಿ," ಎಂದು ಇನ್ನೂ ಮೂರು ತಿನ್ನಿಸಿದರು.

ಕಿಟಕಿಯಾಚೆ ದೊಡ್ಡ ಕ್ರೇನು ಬೇರೆ ಯಾರದೋ ಕೈಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಗುಡಾಣ ಅದನ್ನು ನೋಡುತ್ತ, ಸಾಹೇಬರ ದವಡೆಗೆ ಸರಿಯಾಗಿ ತನ್ನ ದವಡೆಯನ್ನೂ ಆಡಿಸುತ್ತ ಕೂತ. ಮೂರು ತಿಂಗಳು, ಒಂದೇ ಒಂದು ಸಲವೂ ನಡುಗಬಾರದು.

ನಾಲ್ಕು ಗಂಟೆಯ ಸೈರನ್ನು ಕೂಗುವ ಹೊತ್ತಿಗೆ ಅವನ ಕಿರುಬೆರಳು ಸಣ್ಣಗೆ ಅದುರತೊಡಗಿತು. ಅವನು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ಸಾಹೇಬರು ನೋಡಿಬಿಟ್ಟಿದ್ದರು.

"ನಾಚಿಕೆ ಯಾಕಯ್ಯಾ? ಚಟ ಅಂದ್ರೆ ಹಾಗೇನೇ, ಸುಲಭಕ್ಕೆ ಬಿಡಲ್ಲ," ಎಂದು ಅವರು ಖಾನೆ ಎಳೆದರು. "ಈ ಸಲ ಆರು ತಗೋ."