ಕಮ್ಮಾರನ ಕೈಯಲ್ಲಿ ಒಂದು ಹಿಡಿ ಸೊಪ್ಪು

ಮಂಡಿ ನೋವಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಚೀಟಿಯನ್ನು ಅರವತ್ತೊಂಬತ್ತರ ಕಮ್ಮಾರ ಕುಲುಮೆಗೆ ಆಹುತಿ ಕೊಟ್ಟು ಘೋಷಿಸಿಬಿಟ್ಟ: "ಅಮ್ಮನಿಗೆ ತೊಂಬತ್ತು ದಾಟಿದೆ. ಇವತ್ತಿಗೂ ಸೂಜಿಗೆ ದಾರ ಪೋಣಿಸ್ತಾಳೆ! ಯಾತರಿಂದ? ನುಚ್ಚಿನ ಗಂಜಿ, ಸೊಪ್ಪಿನ ಕಷಾಯ! ಇನ್ಮೇಲೆ ನನಗೂ ಅದೇ!"

"ಕುಲುಮೆ ಮುಚ್ಚಿ ಮನೇಲಿ ಕೂತ್ಕೊಳ್ಳಿ ಅಂತಾನೂ ಡಾಕ್ಟರು ಹೇಳಿದ್ದಾರೆ ರೀ," ಎಂದಳು ಹೆಂಡತಿ.

"ಮುಚ್ಚೋದಾ? ನಾಳೆ ಸಂಜೆಯೊಳಗೆ ಆರು ಕುಡುಗೋಲು ಮಾಡಿ ಒಪ್ಪಿಸ್ತೀನಿ. ಒಂದು ಕಮ್ಮಿಯಾದ್ರೂ ಬೀಗ ಹಾಕಿ ಕೀಲಿಕೈ ನಿನಗೇ ಕೊಡ್ತೀನಿ!"

ಹೆಂಡತಿ ಆಗಲೇ ಕೈಯೊಡ್ಡಿದಳು.

ಅಮ್ಮ ಕಷಾಯದ ಅಳತೆ ಹೇಳಿದಳು: "ಬೇಲಿ ಮೇಲಿನ ಕಹಿ ಸೊಪ್ಪು ಒಂದು ಹಿಡಿ, ಎರಡು ಲೋಟ ನೀರು. ಅರ್ಧಕ್ಕಿಳಿಸು."

ಒಂದು ಹಿಡಿ! ಐವತ್ತು ವರ್ಷ ಸುತ್ತಿಗೆ ಹಿಡಿದ ಕೈ ಅದು. ಅವನು ಸೊಪ್ಪು ಕಿತ್ತ ಮೇಲೆ ಬೇಲಿಯಾಚೆಯ ಪಕ್ಕದ ಮನೆ ಸಲೀಸಾಗಿ ಕಾಣಿಸತೊಡಗಿತು.

ಮರುದಿನ ಬೆಳಗ್ಗೆ ಕಷಾಯವನ್ನು ಗಟಗಟನೆ ಏರಿಸಿ, ಮೀಸೆ ಒರೆಸಿ, ಕಾದ ಕಬ್ಬಿಣದ ಮುಂದೆ ನಿಂತು ಸುತ್ತಿಗೆ ಎತ್ತಿದ. ಎತ್ತಿದ್ದು ಹಾಗೇ ನಿಂತಿತು. ಮುಖ ಬಿಳುಚಿಕೊಂಡಿತು. ಸುತ್ತಿಗೆ ಬಿಸಾಕಿ ಹಿತ್ತಲಿಗೆ ಓಡಿದ. ಮಂಡಿ ನೋವು ಎಲ್ಲಿ ಹೋಯಿತೋ! ಹರೆಯದಲ್ಲೂ ಅವನು ಹಾಗೆ ಓಡಿರಲಿಲ್ಲ.

"ಎಷ್ಟು ಸೊಪ್ಪು ಹಾಕಿದ್ಯೋ?" ಕಕ್ಕಸಿನ ಬಾಗಿಲಾಚೆಯಿಂದ ಅಮ್ಮ ಕೇಳಿದಳು.

"ನೀನೇ ಹೇಳಿದ್ಯಲ್ಲಮ್ಮ, ಒಂದು ಹಿಡಿ!"

"ಅಯ್ಯೋ, ನನ್ನ ಹಿಡಿ ಕಣೋ!" ನಿಂಬೆಹಣ್ಣಿನಷ್ಟಿದ್ದ ಮುಷ್ಟಿಯನ್ನು ಅವಳು ಮುಚ್ಚಿದ ಬಾಗಿಲಿಗೇ ತೋರಿಸಿದಳು.

"ಕೀಲಿಕೈ ಎಲ್ಲಿಟ್ಟಿದ್ದೀರಿ ರೀ?" ಹೆಂಡತಿಯ ದನಿ.

"ಸಂಜೆ ಇನ್ನೂ ಆಗಿಲ್ಲ!" ಒಳಗಿನಿಂದ ಗರ್ಜನೆ ಬಂತು. "ಆರಾಗತ್ತೆ! ಕುಲುಮೆ ಮುಚ್ಚಲ್ಲ!"

ಹೆದರಿಕೆ ಮಾತ್ರ ನಿಜವಾಗಿಯೂ ಇತ್ತು. ಕುಲುಮೆ ಮುಚ್ಚಿದ ಮರುಗಳಿಗೆ ತಾನು ಬರೀ ಒಬ್ಬ ಮುದುಕ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಹಟ ಬಿಡಲಿಲ್ಲ. ಬಂದ, ಒಂದೇಟು ಹೊಡೆದ, ಓಡಿದ. ಮತ್ತೆ ಬಂದ, ಮತ್ತೆ ಓಡಿದ. ಮಧ್ಯಾಹ್ನಕ್ಕೆ ಒಂದೇ ಕುಡುಗೋಲಾಗಿತ್ತು, ಅದೂ ಸೊಟ್ಟ. ಕಾಲು ಸೋತು ಮಂಚ ಸೇರಿದ.

ಸಂಜೆ ಗೋಡೆ ಹಿಡಿದುಕೊಂಡು ಕೀಲಿಕೈ ಒಪ್ಪಿಸಲು ಬಂದರೆ, ಕುಲುಮೆಯ ಮುಂದೆ ಆರು ಕುಡುಗೋಲು! ಹೆಂಡತಿಯ ಕೈಯಲ್ಲಿ ಸುತ್ತಿಗೆ. ಅಮ್ಮ ಉಳಿ ಹಿಡಿದು ಕೊನೆಯದರ ಅಲಗಿಗೆ ಹಲ್ಲು ಕೆತ್ತುತ್ತಿದ್ದಳು.

"ಮುಚ್ಚಿ ಅಂದವಳು ನೀನೇ ಅಲ್ವೇನೇ?"

"ಒಂದು ದಿನ ನೀವು ಮನೇಲಿದ್ದಿದ್ದಕ್ಕೇ ನಂಗೆ ಬುದ್ಧಿ ಬಂತು."

ಅಷ್ಟರಲ್ಲಿ ಕುಡುಗೋಲಿಗೆ ಹೇಳಿಹೋಗಿದ್ದ ರೈತ ಬಂದ. ಒಂದನ್ನೆತ್ತಿ ಹಲ್ಲಿನ ಮೇಲೆ ಬೆರಳಾಡಿಸಿ ಕಣ್ಣರಳಿಸಿದ.

"ಯಜಮಾನ್ರೇ, ಮೂವತ್ತು ವರ್ಷದಿಂದ ನಿಮ್ಮ ಹತ್ರಾನೇ ತಗೊಳ್ತಿದ್ದೀನಿ. ಈಗ ನೋಡಿ, ನಿಮ್ಮ ಕೈ ಪಳಗಿದ್ದು!"