ಪ್ಲೇನರ್ ಮಿಷನ್ ಆರಿಸಿದ್ದು

ಬೇರೆಯವರಿಗೆ ಬೇಕಾದದ್ದನ್ನು ಆರಿಸಿಕೊಡುವಾಗ ನನಗಿರುವ ಚುರುಕು, ನನ್ನದೇ ಸರದಿ ಬಂದಾಗ ಎಲ್ಲಿ ಹೋಗುತ್ತದೋ ತಿಳಿಯದು. ಆಲೂರಿನಲ್ಲಿ ನನ್ನದೊಂದು ಔಷಧದ ಅಂಗಡಿಯಿದೆ. ಬಂದವರಿಗೆ ಯಾವ ಟಾನಿಕ್ಕು, ಯಾವ ಮುಲಾಮು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅದೇ ನಾನೊಂದು ಅಂಗಿ ಕೊಳ್ಳಲು ಹೋದರೆ, ಹೆಂಡತಿ ರತ್ನ ಮೊದಲು ಅಂಗಡಿಯವರಿಂದ ಕುರ್ಚಿ ಕೇಳಿ ಹಾಕಿಸಿಕೊಂಡು ಕೂತುಬಿಡುತ್ತಾಳೆ. ಇಂಥ ನಾನು ಪ್ಲೇನರ್ ಮಿಷನ್ ಆರಿಸಲು ಹೊರಟೆ. ಒರಟು ಹಲಗೆಯನ್ನು ಒಂದು ಕಡೆಯಿಂದ ಒಳಗೆಳೆದುಕೊಂಡು, ಮೇಲ್ಮೈ ಹೆರೆದು, ಉದ್ದಕ್ಕೂ ಒಂದೇ ದಪ್ಪ ಮಾಡಿ ಇನ್ನೊಂದು ಕಡೆ ಬಿಡುವ ಯಂತ್ರ ಅದು. ಮೇಜಿನ ಮೇಲೆ ಇಟ್ಟುಕೊಳ್ಳುವಂಥದ್ದೂ ಸಿಗುತ್ತದೆ.

ಮರಗೆಲಸ ನನ್ನ ಭಾನುವಾರದ ಹುಚ್ಚು. ಮನೆಯ ಹಿಂದಿನ ಸ್ಕೂಟರ್ ಶೆಡ್ಡೇ ಕಾರ್ಖಾನೆ. ನಾನು ಮಾಡಿದ ಸ್ಟೂಲುಗಳನ್ನು ನೆಂಟರು ಒಮ್ಮೆ ಅಲ್ಲಾಡಿಸಿ ನೋಡಿಯೇ ಕೂರುತ್ತಾರೆ. ಅಲ್ಲಿಯವರೆಗೂ ಮಿಷನ್ನಿನ ಅಗತ್ಯ ಬಿದ್ದಿರಲಿಲ್ಲ. ಆದರೆ ಮಂಡಿಯ ಆಪರೇಷನ್ ಆದಮೇಲೆ ನಮ್ಮ ಮಾವ, ರತ್ನಳ ತಂದೆ, ಮಗ್ಗೆಯಿಂದ ನಮ್ಮ ಮನೆಗೆ ಬಂದರು. ನಾವೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವವರು. ಅವರಿಗೆ ಕೆಳಗೆ ಕೂರಲಾಗದು. ನಡುಮನೆಯಲ್ಲಿ ಕುರ್ಚಿಯ ಮೇಲೆ, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಉಣ್ಣುತ್ತಿದ್ದರು. ಎಲ್ಲರೂ ಸುತ್ತ ಕೂರುವಂಥ ಊಟದ ಮೇಜು ಮಾಡಿಕೊಡುತ್ತೇನೆ ಎಂದು ನಾನು ಧಾರಾಳವಾಗಿ ಮಾತು ಕೊಟ್ಟೆ. ಮಾವ ಖುಷಿಯಾಗಿ, ತಮ್ಮ ತೋಟದಲ್ಲಿ ಉರುಳಿದ್ದ ಹಲಸಿನ ಮರವನ್ನು ಕುಯ್ಯಿಸಿ ಇಟ್ಟಿದ್ದ ಹಲಗೆಗಳನ್ನು ತರಿಸಿಕೊಟ್ಟರು. ಒಂದೊಂದು ಹಲಗೆ ಒಂದೊಂದು ದಪ್ಪ. ಒಂದೇ ಹಲಗೆ ಆ ತುದಿಗೊಂದು, ಈ ತುದಿಗೊಂದು ದಪ್ಪ. ಕೈಯಿಂದ ತಳ್ಳುವ ಹತ್ತರಿ ಹಿಡಿದು ಒಂದು ಮೂಲೆ ನಯ ಮಾಡುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ನನ್ನದೇ ಅಂಗಡಿಯ ಮುಲಾಮು ಹಚ್ಚಿಕೊಂಡೆ. ಹತ್ತರಿಯನ್ನು ಅಟ್ಟಕ್ಕೆ ಸೇರಿಸಿ, ಮಿಷನ್ನೇ ಸರಿ ಎಂದು ತೀರ್ಮಾನಿಸಿದೆ.

ಅಲ್ಲಿಂದ ಶುರುವಾಯಿತು. ಎರಡು ಅಲಗಿನದೋ, ಮೂರು ಅಲಗಿನದೋ? ಅಗಲ ಎಷ್ಟು? ಹಗುರಾದರೆ ಅದುರುತ್ತದೆ, ಭಾರವಾದರೆ ಎತ್ತುವವರು ಯಾರು? ಗಿರಾಕಿ ಇಲ್ಲದಾಗಲೆಲ್ಲ ಫೋನಿನಲ್ಲಿ ವಿಡಿಯೋ ನೋಡಿದೆ. ಗಿರಾಕಿ ಇದ್ದಾಗಲೂ ನೋಡಿದ್ದೇನೆ. ಹೊಂಗಡಹಳ್ಳದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಗೆಳೆಯ ಚಂದ್ರು, ತಮ್ಮ ಸ್ಟೋರಿನಲ್ಲೇ ಅಂಥದ್ದೊಂದು ಇದೆ, ಬಂದು ನೋಡು ಎಂದ. ಹೋದೆ. ಹಲಗೆ ಅರ್ಧ ಒಳಗೆ ಹೋಗಿದ್ದೇ ಮಿಷನ್ ನರಳಿ ನಿಂತಿತು.

"ತೋಟಕ್ಕೆ ಸ್ಪ್ರಿಂಕ್ಲರ್ ಓಡೋ ಟೈಮಲ್ಲಿ ವೋಲ್ಟೇಜ್ ಬಿದ್ದು ಇದು ಹಿಂಗೇ ಕಣೋ ಮಾರಾಯ," ಎಂದ ಚಂದ್ರು. "ನಿಮ್ಮನೇಲಿ ಕರೆಂಟ್ ಹೆಂಗೈತೆ ನೋಡ್ಕಂಡು ತಗೋ."

ಹೀಗೆ ಯೋಚಿಸಲು ಇನ್ನೊಂದು ವಿಷಯ ಸಿಕ್ಕಿತು. ವಾರಗಟ್ಟಲೆ ವೋಲ್ಟೇಜಿನ ಬಗ್ಗೆ ಓದಿದೆ. ಮಾವ ಮೊದಮೊದಲು ಮಿಷನ್ ಆಯ್ತಾ ಎಂದು ಕೇಳುತ್ತಿದ್ದವರು ಆಮೇಲೆ ಕೇಳುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ಊಟಕ್ಕೆಂದು ಬಂದಾಗ, ಅವರು ಪಂಚೆಯ ಮೇಲೆ ಚೆಲ್ಲಿದ ಸಾರನ್ನು ಟವೆಲಿನಿಂದ ಬೇಗ ಬೇಗ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಟವೆಲನ್ನು ಮಡಿಲ ಮೇಲೆ ಹರಡಿಕೊಂಡರು. "ರತ್ನಂಗೆ ಹೇಳ್ಬ್ಯಾಡಿ ಅಳಿಯಂದ್ರೆ. ನೊಂದ್ಕತಾಳೆ," ಎಂದರು. ಸಂಜೆಯೊಳಗೆ ಒಂದು ಮಿಷನ್ನಿಗೆ ಆರ್ಡರ್ ಹಾಕಿದೆ. ಅಲಗು ಎಷ್ಟೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅದು ಬಂದ ಭಾನುವಾರ ಮನೆಮಂದಿಯೆಲ್ಲ ಶೆಡ್ಡಿನ ಮುಂದೆ ನೆರೆದರು. ಸದ್ಯ ಕರೆಂಟು ಕೈಕೊಡಲಿಲ್ಲ. ಕಿವಿಗಡಚಿಕ್ಕುವ ಸದ್ದಿನ ನಡುವೆ, ಒಳಗೆ ಹೋದ ಒರಟು ಹಲಗೆ ಹಲಸಿನ ತೊಳೆಯಂಥ ಹಳದಿ ಬಣ್ಣದಲ್ಲಿ ಹೊರಗೆ ಬಂತು. ನಾನು ಹೆಮ್ಮೆಯಿಂದ ಅದನ್ನು ನೆಲದ ಮೇಲಿಟ್ಟೆ. ರತ್ನ ಕಾಲಿನಿಂದ ಒಂದು ತುದಿ ಒತ್ತಿದಳು. ಇನ್ನೊಂದು ತುದಿ ಎದ್ದಿತು.

"ನುಣ್ಣಗೇನೋ ಆಗೈತೆ ಕಣ್ರೀ," ಎಂದಳು. "ಸೊಟ್ಟ ಮಾತ್ರ ಹಂಗೇ ಐತಲ್ಲ."

ವಿಡಿಯೋಗಳನ್ನು ಮತ್ತೆ ತೆಗೆದು ನೋಡಿದೆ. ಪ್ಲೇನರ್ ದಪ್ಪವನ್ನು ಸಮ ಮಾಡುತ್ತದೆ, ಸೊಟ್ಟವನ್ನು ತೆಗೆಯುವುದಿಲ್ಲ. ಮೊದಲು ಒಂದು ಮೈಯನ್ನು ಕೈಯಿಂದಲೇ ನೇರ ಮಾಡಿಕೊಂಡಿರಬೇಕು ಎಂದು ಪ್ರತಿಯೊಬ್ಬರೂ ಆರಂಭದಲ್ಲೇ ಹೇಳಿದ್ದರು. ಯಾವ ಮಿಷನ್ ಒಳ್ಳೆಯದೆಂದು ತಿಳಿಯುವ ಆತುರದಲ್ಲಿ ನಾನು ಆ ಭಾಗವನ್ನು ಹಾರಿಸಿಕೊಂಡು ಹೋಗಿದ್ದೆ. ಅಟ್ಟದಿಂದ ಹತ್ತರಿ ಇಳಿಸಿದೆ. ಮಾವ ಸ್ಟೂಲು ಹಾಕಿಕೊಂಡು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡರು. ಅವರಿಗೂ ಹೊತ್ತು ಹೋಯಿತು. ಕೊನೆಗೆ ಒಂದು ಹಲಗೆ ಮಾತ್ರ ಎಷ್ಟು ಹೆರೆದರೂ ನೇರವಾಗಲಿಲ್ಲ, ಸಾಕಿನ್ನು ಎಂದು ಹಾಗೇ ಮೇಜಿಗೆ ಕೂರಿಸಿಬಿಟ್ಟೆ.

ಈಗ ನಾವೆಲ್ಲ ಒಟ್ಟಿಗೆ ಮೇಜಿನ ಸುತ್ತ ಕೂತು ಉಣ್ಣುತ್ತೇವೆ. ಆ ಹಲಗೆಯ ಓರೆಯಿಂದಾಗಿ ಮಾವನ ತಟ್ಟೆಯ ಸಾರೆಲ್ಲ ಅವರ ಕೈಬೆರಳಿನ ಕಡೆಗೇ ಹರಿದು ನಿಲ್ಲುತ್ತದೆ. ಕಲಸಿಕೊಳ್ಳಲು ಇದೇ ಅನುಕೂಲ, ನಮ್ಮ ಅಳಿಯಂದ್ರು ಲೆಕ್ಕ ಹಾಕಿ ಮಾಡಿದ್ದಾರೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ನಾನೂ ಹೌದೆನ್ನುತ್ತೇನೆ. ಅದೇ ಹಲಗೆಯ ಇನ್ನೊಂದು ತುದಿಯಲ್ಲಿ, ಸಾರು ಬಡಿಸಿದ ಕ್ಷಣವೇ ಕೈಗೆ ಸಿಗದೆ ಎದುರು ದಿಕ್ಕಿಗೆ ಓಡುವ ಜಾಗವೊಂದಿದೆ. ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡಿದವಳು ರತ್ನ; ಆ ಜಾಗ ನನ್ನದು.