ನಾನು ವಿವರಿಸಿದ ಚಿತ್ರ

ಕಲಾರಸಿಕನಾಗಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಸ್ನಾನಕ್ಕೆ ಮುಂಚೆ. ಆಗಿಬಿಡಬೇಕಾಗಿದ್ದದ್ದು ಅದೇ ದಿನ ಸಾಯಂಕಾಲಕ್ಕೆ! ಇಷ್ಟು ಕಡಮೆ ಅವಧಿಯಲ್ಲಿ ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಾನು ಮೈಸೂರಿನವನು. ಅರಮನೆಯ ಗೋಡೆಗಳನ್ನು ನೋಡುತ್ತ ಬೆಳೆದವನಿಗೆ ಒಂದು ಚಿತ್ರಪ್ರದರ್ಶನ ಯಾವ ಲೆಕ್ಕ?

ನಮ್ಮ ಜಯಲಕ್ಷ್ಮಿಪುರಂ ಮನೆಯ ಮಹಡಿ ಕೋಣೆಯಲ್ಲಿ ಗುರುಮಲ್ಲಪ್ಪ ಎಂಬ ಡ್ರಾಯಿಂಗ್ ಮೇಷ್ಟ್ರು ಬಾಡಿಗೆಗಿದ್ದರು. ಅವರ ಚಿತ್ರಗಳ ಪ್ರದರ್ಶನಕ್ಕೆ ಅಂದು ಪ್ರಾರಂಭೋತ್ಸವ. ಆಹ್ವಾನಪತ್ರಿಕೆ ಕೊಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಸಾರ್, ನೀವು ಬರ್ದೇ ಹೋದ್ರೆ ಈ ಪ್ರದರ್ಶನಕ್ಕೆ ಅರ್ಥವೇ ಇಲ್ಲ" ಎಂದಿದ್ದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನ ಮುಖದಲ್ಲಿರುವ ಸಂಸ್ಕಾರವನ್ನು ಕಲಾವಿದ ಗುರುತಿಸಿದನಲ್ಲ ಎಂದು ನಾನು ಹಿಗ್ಗಿದೆ.

ನನ್ನ ಹೆಂಡತಿ ಚೂಡಾಮಣಿ ಮಾತ್ರ ಹಿಗ್ಗಲಿಲ್ಲ.

"ನಿಮಗೆ ಚಿತ್ರ ಏನ್ರೀ ಅರ್ಥವಾಗುತ್ತೆ? ಕ್ಯಾಲೆಂಡರಿನ ಸರಸ್ವತೀನ ನೋಡಿ ಲಕ್ಷ್ಮೀ ಅಂತ ಕೈಮುಗಿದೋರು!"

"ವೀಣೆ ಇರೋ ಜಾಗದಲ್ಲೇ ತಾರೀಖು ಅಂಟಿಸಿದ್ರೆ ಯಾರಿಗೆ ತಾನೆ ಗೊತ್ತಾಗುತ್ತೆ? ನೀನೂ ಬಾ. ಗಂಡ ಎಂಥೋನು ಅಂತ ನಾಲ್ಕು ಜನರ ಎದುರಿಗೆ ನೋಡುವೆಯಂತೆ."

ನಾಲ್ಕು ಜನರ ಎದುರಿಗೇ ನೋಡಿದಳು. ಅದನ್ನೇ ಹೇಳಹೊರಟಿರುವುದು.

ಹೋಗುವ ಮುಂಚೆ ನನ್ನ ಸಹೋದ್ಯೋಗಿ ವೆಂಕಟಸುಬ್ಬಯ್ಯನ ಮನೆಗೆ ಹೋಗಿ ಸಲಹೆ ಕೇಳಿದೆ. ಅವನು ಇಂಥ ಸಮಾರಂಭಗಳಿಗೆ ಉಪ್ಪಿಟ್ಟಿನ ಮೋಹದಿಂದ ತಪ್ಪದೆ ಹೋಗುವವನು.

"ಬಹಳ ಸುಲಭ ಕಣೋ" ಎಂದ. "ಚಿತ್ರದಿಂದ ಹಿಂದಕ್ಕೆ ಸರಿ. ಒಂದು ಕಣ್ಣು ಅರ್ಧ ಮುಚ್ಚು. ಕಂಡದ್ದನ್ನ ಕಂಡ ಹಾಗೆ ಮಾತ್ರ ಹೇಳ್ಬೇಡ. ಮರ ಕಂಡ್ರೆ ಒಂಟಿತನ ಅನ್ನು. ಹಸು ಕಂಡ್ರೆ ಸಹನೆ ಅನ್ನು. ಏನೂ ಕಾಣಿಸದೇ ಹೋದ್ರೆ ಆಹಾ ಅನ್ನು!"

ಇಷ್ಟು ವಿದ್ಯೆಯನ್ನು ಕಂಠಪಾಠ ಮಾಡಿಕೊಂಡು, ಮುಚ್ಚು ಕಾಲರಿನ ಕೋಟು ತೊಟ್ಟು, ಕರಿ ಟೋಪಿ ಇಟ್ಟು, ಹೆಂಡತಿಯ ಸಮೇತ ಪ್ರದರ್ಶನ ನಡೆಯುವ ಶಾಲೆಯ ಹಾಲಿಗೆ ದಯಮಾಡಿಸಿದೆ. ಮುಖ್ಯ ಅತಿಥಿಗಳು ಟೇಪು ಕತ್ತರಿಸಿದರು, ಕಲೆಯ ಬಗ್ಗೆ ಸುದೀರ್ಘವಾಗಿ ಮಾತನಾಡಿದರು, ಚಿತ್ರಗಳ ಕಡೆ ತಿರುಗಿಯೂ ನೋಡದೆ ಕಾರು ಹತ್ತಿದರು. ಉಳಿದವರು ಗೋಡೆಗಳ ಮುಂದೆ ಮೆಲ್ಲಗೆ ಹರಡಿಕೊಂಡೆವು.

ಆಗ ಕಂಡರು ನಮ್ಮ ಆಫೀಸಿನ ಸಾಹೇಬರು, ಗೋವಿಂದರಾಜು. ಪತ್ನಿಯ ಬಲವಂತಕ್ಕೆ ಬಂದಿದ್ದರೆಂದು ಮುಖವೇ ಹೇಳುತ್ತಿತ್ತು. ನಮ್ಮಲ್ಲಿ ಹೆಡ್ ಗುಮಾಸ್ತೆಯ ಜಾಗ ಖಾಲಿ ಬಿದ್ದಿತ್ತು. ಅದು ನನಗೋ ವೆಂಕಟಸುಬ್ಬಯ್ಯನಿಗೋ ಎಂಬುದು ಈ ಸಾಹೇಬರ ಒಂದು ಸಹಿಯ ಮೇಲೆ ನಿಂತಿತ್ತು. ನನ್ನನ್ನು ಕಂಡದ್ದೇ, ಮುಳುಗುತ್ತಿದ್ದವರಿಗೆ ದಡ ಸಿಕ್ಕಿದಂತೆ ಹತ್ತಿರ ಬಂದು ಪಿಸುಗುಟ್ಟಿದರು.

"ಏನ್ರೀ ಲಕ್ಷ್ಮೀನರಸಿಂಹ, ನಿಮಗೆ ಇದೆಲ್ಲಾ ತಿಳಿಯುತ್ತೇನ್ರೀ?"

"ಏನೋ ಸ್ವಲ್ಪ ಅಭ್ಯಾಸ, ಸಾರ್."

"ಹಾಗಾದ್ರೆ ನಮ್ಮ ಮನೆಯವರಿಗೆ ಒಂದಿಷ್ಟು ಹೇಳಿ. ನನ್ನನ್ನ ಕೇಳಿ ಕೇಳಿ ಪ್ರಾಣ ತಿಂತಿದಾರೆ."

ಮೊದಲನೆಯದು ಒಂದು ಮರ. "ಒಂಟಿತನ" ಎಂದೆ. ಸಾಹೇಬರ ಪತ್ನಿ ತಲೆದೂಗಿದರು. ಎರಡನೆಯದು ಕೆರೆ. ವೆಂಕಟಸುಬ್ಬಯ್ಯ ಕೆರೆಗೆ ಏನೂ ಹೇಳಿಕೊಟ್ಟಿರಲಿಲ್ಲ. ಒಂದು ಕಣ್ಣು ಮುಚ್ಚಿದೆ.

"ಇದು ಕೆರೆಯಲ್ಲ ಅಮ್ಮಾ. ಇದೊಂದು ಪ್ರಶ್ನೆ."

"ಏನು ಪ್ರಶ್ನೆ?"

"ಕೆರೆಯೂ ಅದನ್ನೇ ಕೇಳ್ತಾ ಇದೆ!"

"ಭಲೇ!" ಎಂದರು ಸಾಹೇಬರು. ಅಕ್ಕಪಕ್ಕದವರು ತಿರುಗಿ ನೋಡಿದರು. ಮೂರನೆಯ ಚಿತ್ರದ ಹೊತ್ತಿಗೆ ನನ್ನ ಹಿಂದೆ ಒಂದು ಸಣ್ಣ ಗುಂಪು. ಐದನೆಯದಕ್ಕೆ ಒಂದು ಮೆರವಣಿಗೆ. ಚೂಡಾಮಣಿ ಕೂಡ ನನ್ನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು. ಹೆಡ್ ಗುಮಾಸ್ತೆಯ ಕುರ್ಚಿಯಲ್ಲಿ ಆಗಲೇ ಅರ್ಧ ಕುಳಿತಿದ್ದೆ.

ಹಾಲಿನ ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರವೊಂದಿತ್ತು. ಕೆಳಗೆ 'ಮುಂಜಾನೆ' ಎಂಬ ಚೀಟಿ. ಮೇಲಿನಿಂದ ನೋಡಿ ಬರೆದಂತಿತ್ತು. ನೆಲ ಹಳದಿ, ಬಾವಿ ನೀಲಿ, ಆಕಾಶ ಇರಬೇಕಾದ ಕಡೆ ಕೆಂಪು ಸೀರೆ. ಹೆಂಗಸೊಬ್ಬಳು ಸೊಂಟ ಬಗ್ಗಿಸಿ ನೀರು ಸೇದುತ್ತಿದ್ದಾಳೆ. ಈಚೆಗೆ, ಒಗೆಯುವ ಕಲ್ಲಿನ ಮೇಲೆ, ಕಾಫಿ ಲೋಟ ಹಿಡಿದು ಗಂಡಸೊಬ್ಬ ನಮಗೆ ಬೆನ್ನು ಮಾಡಿ ಕುಳಿತಿದ್ದಾನೆ. ಚಿತ್ರದ ಮುಕ್ಕಾಲು ಪಾಲು ಅವನ ಬೆನ್ನೇ! ಬನಿಯನ್, ಕತ್ತಿನ ಮೇಲೆ ಮಡಿಕೆ, ನೆತ್ತಿಯಲ್ಲಿ ದೋಸೆಯಗಲದ ಬಕ್ಕ.

"ಇದೇನ್ರೀ ಇದು?" ಎಂದರು ಸಾಹೇಬರು.

ನಾನು ಮೂರು ಹೆಜ್ಜೆ ಹಿಂದಕ್ಕೆ ಸರಿದೆ. ಯಾರದೋ ಕಾಲು ತುಳಿದೆ. ಕಲೆಯ ಮುಂದೆ ಕಾಲು ಯಾವ ಲೆಕ್ಕ?

"ಸಾರ್, ಇದು ಸೋಮಾರಿತನದ ಮಹಾಕಾವ್ಯ! ಈ ಬೆನ್ನು ನೋಡಿ. ಹುಟ್ಟಿದಾರಭ್ಯ ಬಗ್ಗದ ಬೆನ್ನು. ಆ ಕಡೆ ಹೆಂಡತಿ ಸೊಂಟ ಮುರ್ಕೊಂಡು ನೀರು ಸೇದ್ತಾ ಇದಾಳೆ. ಈ ಮಹಾರಾಯ ಹಗ್ಗಕ್ಕೆ ಕೈ ಹಾಕೋದಿರಲಿ, ಆ ಕಡೆ ತಿರುಗಿಯೂ ನೋಡಿಲ್ಲ. ಆ ಬಕ್ಕತಲೆ ಇದೆಯಲ್ಲ, ಅದು ಒಳಗಿರೋ ಶೂನ್ಯ ಹೊರಗೆ ಬಂದಿರೋದು!"

ಜನ ನಕ್ಕರು. ಸಾಹೇಬರೂ ನಕ್ಕರು. "ಇಂಥೋನು ಎಲ್ಲಿ ಕೆಲಸ ಮಾಡ್ತಾನೋ!"

"ಮಾಡೋದೆಲ್ಲಿ ಬಂತು ಸಾರ್! ಯಾವ ಆಫೀಸಿನಲ್ಲಿದ್ರೂ ಆ ಆಫೀಸಿಗೆ ಶನಿ. ಇಂಥೋರನ್ನ ಒಂದು ನಿಮಿಷ ಇಟ್ಕೋಬಾರ್ದು!"

ಯಾರೋ ನನ್ನ ಕೋಟಿನ ತೋಳು ಎಳೆದರು. ನೋಡಿದರೆ ಚೂಡಾಮಣಿ.

"ರೀ, ಬನ್ನಿ ಹೋಗೋಣ."

"ಸ್ವಲ್ಪ ಇರೇ! ಸಾರ್, ಮುಖ್ಯವಾದದ್ದನ್ನೇ ಹೇಳ್ಲಿಲ್ಲ. ಬೆನ್ನಿನ ಮಧ್ಯೆ ಪಟ್ಟೆಪಟ್ಟೆಯ ಚೌಕ ಇದೆ ನೋಡಿ. ಅದೇ ಈ ಚಿತ್ರದ ಜೀವಾಳ. ಅದು ಸೆರೆಮನೆ ಕಿಟಕಿ! ಆ ಹೆಣ್ಣಿನ ಬದುಕೇ ಈ ಗಂಡಸಿನ ಬೆನ್ನ ಹಿಂದೆ ಬಂದಿಯಾಗಿದೆ ಅಂತ ಕಲಾವಿದ..."

"ಅದು ಕಿಟಕಿ ಅಲ್ಲ ಕಣ್ರೀ!" ಎಂದಳು ಚೂಡಾಮಣಿ. ತಡೆದುಕೊಂಡಿದ್ದದ್ದಕ್ಕೋ ಏನೋ ದನಿ ಹಾಲಿನ ಆ ತುದಿಗೂ ಕೇಳಿಸಿತು. "ಅದು ತೇಪೆ. ನಿಮ್ಮ ಬನಿಯನ್ ಹರಿದಾಗ ಹಳೇ ದಿಂಬಿನ ಚೀಲದಲ್ಲಿ ನಾನೇ ಹಾಕಿದ್ದು!"

ನಾನು ಎರಡೂ ಕಣ್ಣು ತೆರೆದು ಚಿತ್ರವನ್ನು ನೋಡಿದೆ. ಸ್ವಂತ ಬೆನ್ನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾರು ತಾನೆ ಕಂಡಿರುತ್ತಾರೆ?

"ಇಲ್ಲ ಸಾರ್, ಇವಳಿಗೆ ಚಿತ್ರ ಅಷ್ಟು ತಿಳಿಯೋಲ್ಲ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಗುರುಮಲ್ಲಪ್ಪ ಬಂದುಬಿಟ್ಟರು. ಮುಖ ಅರಳಿತ್ತು.

"ಸಾರ್, ಬಂದ್ಬುಟ್ರಾ! ಇವರೇ ಕಣ್ರೀ ಎಲ್ಲರೂ ನೋಡಿ, ಇವರೇ ನನ್ನ 'ಮುಂಜಾನೆ'! ನಮ್ಮ ಸ್ಕೂಲಲ್ಲಿ ಯಾರನ್ನ ಕೂರ್ಸಿದ್ರೂ ಗಳಿಗೆಗೊಂದು ಸಲ ಅಲ್ಲಾಡ್ತಾರೆ. ಇವರು ಕೂತ್ರೆ ಕೂತ್ರು. ಕಲ್ಲಾದ್ರೂ ಅಲ್ಲಾಡೀತು!"

"ಎಷ್ಟು ಹೊತ್ತು ಕೂತಿರ್ತಾರೆ?" ಎಂದು ಸಾಹೇಬರು ಬಹಳ ಮೃದುವಾಗಿ ಕೇಳಿದರು.

"ಅಮ್ಮಾವ್ರು ಆಫೀಸಿಗೆ ಹೊತ್ತಾಯ್ತು ಅಂತ ಕೂಗಿ ಕೂಗಿ ಗಂಟಲು ಕಟ್ಟೋವರ್ಗೂ ಸಾರ್. ದಿನಾನೂ!"

"ದಿನಾ ಸೈಕಲ್ ಪಂಕ್ಚರ್ ಆಗುತ್ತೆ ಅಂತಿದ್ರಲ್ರೀ, ಲಕ್ಷ್ಮೀನರಸಿಂಹ?"

ನನಗೆ ಆ ಹೊತ್ತಿಗೆ ಯಾವ ಒಳಾರ್ಥವೂ ಹೊಳೆಯಲಿಲ್ಲ. ಸಾಹೇಬರ ಪತ್ನಿಗೆ ಇನ್ನೂ ಅನುಮಾನ. "ಹೋಲಿಕೆ ಇದೆಯೋ ಇಲ್ಲವೋ ನೋಡ್ಬೇಕಲ್ಲ" ಎಂದರು. ಮೇಲಧಿಕಾರಿಯ ಪತ್ನಿಯ ಮಾತು ಮೀರುವುದುಂಟೇ? ಟೋಪಿ ತೆಗೆದು ಕೈಯಲ್ಲಿ ಹಿಡಿದು, ಚಿತ್ರದ ಪಕ್ಕದಲ್ಲಿ ಜನಕ್ಕೆ ಬೆನ್ನು ಮಾಡಿ ನಿಂತೆ. ಹಿಂದಿನಿಂದ ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳ ಭಾಷಣಕ್ಕೂ ಅಷ್ಟು ಬಿದ್ದಿರಲಿಲ್ಲ.

ಮನೆಗೆ ಬಂದು ಗೇಟು ತೆಗೆಯುವಾಗ ಚೂಡಾಮಣಿ, "ಆ ಹೆಂಗಸಿನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ್ರಿ! ಸೊಂಟ ಮುರ್ಕೊಂಡು ಸೇದ್ತಾಳೆ ಅಂತ ನಿಮಗೂ ಗೊತ್ತಿತ್ತು ಅಂದಹಾಗಾಯ್ತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ನಾನೇ ಹೋಗಿ ಹಗ್ಗ ಹಿಡಿದೆ. ಎರಡು ಬಿಂದಿಗೆ ಸೇದುವಷ್ಟರಲ್ಲಿ ಮಹಡಿಯ ಕಿಟಕಿಯಿಂದ ಗುರುಮಲ್ಲಪ್ಪನವರ ಕಳವಳದ ದನಿ ಬಂತು. "ಇದೇನ್ ಸಾರ್ ಹಿಂಗೆ ಮಾಡ್ಬುಟ್ರಿ! ಇಂಥದೇ ಇನ್ನೊಂದು ಬೇಕು ಅಂತ ಒಬ್ರು ಕೇಳವ್ರೆ. ದಯವಿಟ್ಟು ಕೂತ್ಕೊಳಿ!"

"ಕೂರೋದಿಲ್ಲ ಹೋಗ್ರೀ!" ಎಂದು ಕೂಗಿದೆ. ಚೂಡಾಮಣಿ ಕಲ್ಲಿನ ಮೇಲೆ ಕುಳಿತು, ಲೋಟದ ಕಾಫಿ ಮುಗಿಸಿ, "ಅವರು ನನ್ನನ್ನ ಬರೀಲಿ ಬಿಡಿ" ಎಂದಳು.

ಹೆಡ್ ಗುಮಾಸ್ತೆಯ ಜಾಗ ವೆಂಕಟಸುಬ್ಬಯ್ಯನಿಗೆ ಹೋಯಿತು. 'ಮುಂಜಾನೆ'ಯನ್ನು ಸಾಹೇಬರು ಸ್ವತಃ ಕೊಂಡು, ತಂದು ಆಫೀಸಿನಲ್ಲಿ ನನ್ನ ಮೇಜಿನ ಹಿಂದಿನ ಗೋಡೆಗೆ ನೇತುಹಾಕಿಸಿದರು. ಅವಮಾನದಿಂದ ನನಗೆ ಜ್ವರ ಬಂತು. ಒಂದು ವಾರ ರಜ ಹಾಕಿದೆ. ನಾನಿಲ್ಲದೆ ಕೆಲಸ ನಿಂತಾಗಲಾದರೂ ನನ್ನ ಬೆಲೆ ತಿಳಿಯಲಿ ಎಂಬ ಆಸೆಯೂ ಒಳಗೆ ಇತ್ತು. ವಾರ ಕಳೆದು ಆಫೀಸಿಗೆ ಹೋಗಿ, ನನ್ನ ಮೇಜಿನ ಬಳಿ ಬಂದ ಸಾಹೇಬರಿಗೆ ನಮಸ್ಕಾರ ಮಾಡಿ, "ನಾನಿಲ್ಲದೆ ತಮಗೆ ತೊಂದರೆ ಆಗಿರ್ಬೇಕು ಸಾರ್" ಎಂದೆ.

ಸಾಹೇಬರು ಕನ್ನಡಕ ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು ನೋಡಿದರು.

"ನೀವು ರಜದಲ್ಲಿದ್ರೇನ್ರೀ?" ಎಂದರು.